ಮಧುಗಿರಿ–ತುಮಕೂರು ಸರಾಸರಿ ಭೇದ ಮೀಮಾಂಸೆ

ಎರಡು ಸಮಷ್ಟಿಗಳ ಸರಾಸರಿಗಳ ನಡುವೆ ಕಾಣುವ ಅಂತರ ನಿಜದ್ದೋ, ಮಾದರಿ ಆಯ್ದಾಗ ಅಕಸ್ಮಾತ್ತಾಗಿ ಬಿದ್ದದ್ದೋ ಎಂದು ಗೊತ್ತುಮಾಡುವ ಕ್ರಮವೇ ಸರಾಸರಿ ಭೇದ ಪರೀಕ್ಷೆ. ತುಮಕೂರು ಕಂದಾಯ ಜಿಲ್ಲೆಯಲ್ಲಿ ಇದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟೀ ಅಂಗಡಿಗಳಲ್ಲಿ ಜರುಗುತ್ತದೆ.

ಮೊದಲು ಸಮಷ್ಟಿ ನಿರ್ಣಯ. ರಾಜ್ಯದ 31 ಕಂದಾಯ ಜಿಲ್ಲೆಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 35. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಳಿದ ಆರು ತಾಲ್ಲೂಕು ತುಮಕೂರಿನ ಪಾಲು. ಆದರೆ ಪಾವಗಡದ ಹುಡುಗ ಸಿದ್ಧಗಂಗಾ ಮಠದಲ್ಲಿದ್ದು ಓದಿದರೆ ಅವನ ಅಂಕ ತುಮಕೂರಿಗೆ ಜಮಾ. ಈ ನಿಯಮವನ್ನು ಪಾವಗಡದವರು ತಕರಾರಿಲ್ಲದೆ ಒಪ್ಪುವುದು ಹುಡುಗ ಫೇಲಾದಾಗ ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ಪರೀಕ್ಷೆ ಬರೆದ ಎಲ್ಲರ ಅಂಕವೂ ಮಂಡಳಿಯ ಬಳಿ ಇರುವುದರಿಂದ ಅಲ್ಲಿ ಈ ವರ್ಷ ಯಾರು ಮುಂದೆ ಎಂದು ತಿಳಿಯಲು ಯಾವ ಶಾಸ್ತ್ರವೂ ಬೇಡ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಆಯಿತು. ಕೆಲವರ ಅಂಕ ಮಾತ್ರ ಗೊತ್ತಿದ್ದು ಎಲ್ಲರ ಬಗ್ಗೆ ಮಾತಾಡುವ ಕಡೆಯೇ ಶಾಸ್ತ್ರದ ಅಗತ್ಯ. ಆ ದೃಷ್ಟಿಯಿಂದ ಟೀ ಅಂಗಡಿಯೇ ಇದರ ಯೋಗ್ಯ ಕ್ಷೇತ್ರ.

ಪೂರ್ವಪಕ್ಷವನ್ನು ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ: ಎರಡೂ ಸರಾಸರಿಗಳು ಸಮ. ಇದನ್ನು ನಂಬುವವರು ಮಧುಗಿರಿಯಲ್ಲೂ ಇಲ್ಲ, ತುಮಕೂರಿನಲ್ಲೂ ಇಲ್ಲ. ಆದರೂ ವಾದ ಅಲ್ಲಿಂದಲೇ ಹೊರಡಬೇಕು.

ಮುಂದಿನದು ಮಾದರಿ. ಪ್ರಚಲಿತ ಪದ್ಧತಿಯಲ್ಲಿ ಮಾದರಿಯ ಗಾತ್ರ ಒಂದು: ‘ನಮ್ಮ ಅಕ್ಕನ ಮಗಳು 625ಕ್ಕೆ 610 ತೆಗೆದವ್ಳೆ, ಇನ್ನೇನು ಬೇಕು?’ ಅಂಕಗಳ ಚದುರುವಿಕೆಯ ಅಳತೆಯಾದ ಮಾನಕ ವಿಚಲನೆಯನ್ನು ಲೆಕ್ಕ ಹಾಕುವಾಗ ಮಾದರಿಯ ಗಾತ್ರದಲ್ಲಿ ಒಂದು ಕಳೆದು ಭಾಗಿಸಬೇಕು. ಒಂದರಲ್ಲಿ ಒಂದು ಹೋದರೆ ಸೊನ್ನೆ, ಸೊನ್ನೆಯಿಂದ ಭಾಗಾಕಾರ ನಡೆಯದು. ಬೆಂಚಿನ ಮೇಲೆ ಕೂತವರಿಗೆ ಇದರಿಂದ ಈವರೆಗೆ ಯಾವ ಅಡಚಣೆಯೂ ಆಗಿಲ್ಲ. ಸಣ್ಣ ಮಾದರಿಗಳ ಕಷ್ಟವನ್ನು 1908ರಲ್ಲಿ ಬಿಡಿಸಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಲೇಖನಕ್ಕೆ ಹಾಕಿದ ಹೆಸರು ‘ಸ್ಟೂಡೆಂಟ್’. ಅವನಿಗೂ ಒಂದೇ ಅಂಕಪಟ್ಟಿಯಿಂದ ಸಿದ್ಧಾಂತಕ್ಕೆ ಬರುವ ಧೈರ್ಯವಾಗಲಿಲ್ಲ.

ಗಣನೆಗೊಂದು ಕಲ್ಪಿತ ಉದಾಹರಣೆ. ಎರಡೂ ಕಡೆ ಚೀಟಿ ಎತ್ತಿ ನೂರು ನೂರು ಮಕ್ಕಳನ್ನು ಆರಿಸಲಾಗಿದೆ. ಮಧುಗಿರಿಯ ಸರಾಸರಿ 412, ತುಮಕೂರಿನದು 400. ಮಾನಕ ವಿಚಲನೆ ಕ್ರಮವಾಗಿ 60 ಮತ್ತು 80. ಒಂದೊಂದು ವಿಚಲನೆಯ ವರ್ಗವನ್ನೂ ನೂರರಿಂದ ಭಾಗಿಸಿದರೆ 36 ಮತ್ತು 64; ಕೂಡಿದರೆ 100; ವರ್ಗಮೂಲ 10. ಸರಾಸರಿಗಳ ಅಂತರ 12ನ್ನು 10ರಿಂದ ಭಾಗಿಸಿದರೆ 1.2. ಪೂರ್ವಪಕ್ಷವನ್ನು ತಳ್ಳಿಹಾಕಲು ಇದು 1.96 ದಾಟಬೇಕಿತ್ತು. ದಾಟಲಿಲ್ಲ. ಇದರರ್ಥ ಎರಡೂ ಜಿಲ್ಲೆ ಸಮ ಎಂದಲ್ಲ, ಭೇದಕ್ಕೆ ಸಾಲುವಷ್ಟು ಸಾಕ್ಷ್ಯವಿಲ್ಲ ಎಂದಷ್ಟೇ. ಪೊಲೀಸ್ ಠಾಣೆ, ಕೋರ್ಟು ಕಂಡವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

1.96ರ ಹಿಂದಿರುವುದು, ಇಲ್ಲದ ಭೇದವನ್ನು ಇದೆ ಎನ್ನುವ ತಪ್ಪಿಗೆ ಎಳೆದ ನೂರರಲ್ಲಿ ಐದರ ಗೆರೆ. ಅದನ್ನು ರೂಢಿಗೆ ತಂದದ್ದು ರೊನಾಲ್ಡ್ ಫಿಷರ್‌ನ 1925ರ ಪುಸ್ತಕ. ಐದೇ ಏಕೆ ಎಂಬುದಕ್ಕೆ ಅನುಕೂಲವನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ದಶಕಗಳ ಕಾಲ 35 ಬಂದರೆ ಪಾಸು, 34 ಬಂದರೆ ಫೇಲು ಎಂದು ಬಾಳಿದ ಜಿಲ್ಲೆಗಳಿಗೆ ಇದೇನೂ ವಿಚಿತ್ರವೆನಿಸದು.

ಬಾಲದ, ಅಂದರೆ ಗೆರೆಯಾಚೆಯ ತುದಿಯ, ವಿಚಾರದಲ್ಲಿ ಮಾತ್ರ ಭಿನ್ನಮತವಿದೆ. ‘ಭೇದವಿದೆ’ ಎನ್ನುವವರಿಗೆ ಎರಡು ಬಾಲ. ‘ನಾವೇ ಮುಂದೆ’ ಎನ್ನುವವರಿಗೆ ಒಂದೇ ಬಾಲ, ಗೆರೆಯೂ 1.645ಕ್ಕೆ ಇಳಿಯುತ್ತದೆ. ಯಾವ ಬಾಲವೆಂದು ಅಂಕ ನೋಡುವ ಮೊದಲೇ ಹೇಳಿರಬೇಕೆಂಬುದು ಶಾಸ್ತ್ರ. ನೋಡಿದ ಮೇಲೆ ಹೇಳುವುದು ಸಂಪ್ರದಾಯ.

12 ಅಂಕದ ನಿಜವಾದ ಭೇದವನ್ನು ನೂರಕ್ಕೆ ಎಂಬತ್ತು ಸಲ ಹಿಡಿಯಬೇಕೆಂದರೆ, ಇದೇ ವಿಚಲನೆಗಳಿಗೆ, ಒಂದೊಂದು ಕಡೆಯಿಂದ ಸುಮಾರು 545 ಮಕ್ಕಳು ಬೇಕು. ಅಷ್ಟು ಅಂಕಪಟ್ಟಿ ಜೋಡಿಸಿಕೊಳ್ಳುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ-2ರ ಫಲಿತಾಂಶ ಬಂದು ಸಮಷ್ಟಿಯೇ ಬದಲಾಗಿರುತ್ತದೆ.