11 ಜನ, 9 ಕೆ.ಜಿ.

ಕೈಲಾಂಚ ಹೋಬಳಿಯ ಆ ಮನೆಯಲ್ಲಿ 11 ಜನ, ಬಟ್ಟೆ ಒಗೆಯುವ ಕಲ್ಲು ಒಂದು. ಕಿರಿಸೊಸೆಗೆ ಸೊಂಟ ಹಿಡಿದುಕೊಂಡ ಮರುದಿನವೇ ವಾಷಿಂಗ್ ಮೆಷಿನ್ ಮಾತು ಜಗಲಿಗೆ ಬಂತು. ತಂದರೆ ಫ್ರಂಟ್ ಲೋಡೇ ತರಬೇಕೆಂದು ಮೊಮ್ಮಗ ಪಟ್ಟು ಹಿಡಿದ. ಅದರ ಡ್ರಮ್ ಅಡ್ಡಡ್ಡ ತಿರುಗುತ್ತದೆ, ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಬೀಳಿಸುತ್ತದೆ, ಹಾಗಾಗಿ ನೀರು ಕಡಿಮೆ ಸಾಕು ಎಂದು ವಿವರಿಸಿದ.

"ಎತ್ತಿ ಎತ್ತಿ ಒಗೆಯೋದಾ? ಅದನ್ನ ನಾನು ಐವತ್ತು ವರ್ಷದಿಂದ ಮಾಡ್ತಾ ಇವ್ನಿ" ಎಂದರು ಅಜ್ಜಿ.

ರಾಮನಗರದ ಅಂಗಡಿಯಲ್ಲಿ ಎಷ್ಟು ಕೆ.ಜಿ.ಯದು ಬೇಕೆಂದು ಕೇಳಿದರು. "ಮನೇಲಿ 11 ಜನ" ಎಂದರು ಯಜಮಾನರು. "ಜನದ ಲೆಕ್ಕ ಅಲ್ಲ ಸಾರ್, ಒಣಬಟ್ಟೆ ತೂಕ." ರೇಷ್ಮೆಗೂಡು ತೂಗಿಯೇ ಮೂರು ಮದುವೆ ಮಾಡಿದ ಯಜಮಾನರಿಗೆ ತೂಕದ ವಿಷಯದಲ್ಲಿ ಮಾತು ಕೇಳಬೇಕಾಗಿ ಬಂದದ್ದು ಅವಮಾನವೇ ಆಯಿತು.

ಮರುದಿನ ಬೆಳಗ್ಗೆ ಗೂಡು ತೂಗುವ ತಕ್ಕಡಿ ಜಗಲಿಯ ತೊಲೆಗೆ ನೇತುಬಿತ್ತು. ಮನೆಯ ಬಟ್ಟೆಯೆಲ್ಲ ಮಾರ್ಕೆಟ್ಟಿನ ಲಾಟುಗಳ ಹಾಗೆ ಸಾಲಾಗಿ ಗುಡ್ಡೆಬಿದ್ದಿತು. ಮೊಮ್ಮಗನ ಜೀನ್ಸ್ 700 ಗ್ರಾಂ. ಯಜಮಾನರ ಪಂಚೆ ಅದರ ಮೂರನೇ ಒಂದು ಪಾಲೂ ಇಲ್ಲ. ದಿನದ ಒಟ್ಟು ಆರೂವರೆ ಕೆ.ಜಿ. ಹಾಗಾದರೆ 7 ಕೆ.ಜಿ.ಯದು ಸಾಕಲ್ಲ? ಸಾಲದು. ಡ್ರಮ್ಮಿಗೆ ಕತ್ತಿನತನಕ ತುರುಕಿದರೆ ಬಟ್ಟೆ ಬೀಳಲು ಜಾಗವೇ ಇರುವುದಿಲ್ಲ. ಮೇಲಾಗಿ ಬರೆದಿರುವ ತೂಕ ಹತ್ತಿಬಟ್ಟೆಯ ಪ್ರೋಗ್ರಾಮಿಗೆ ಮಾತ್ರ; ಸಿಂಥೆಟಿಕ್ ಆದರೆ ಅದರ ಅರ್ಧ ಹಾಕಿದರೇ ಹೆಚ್ಚು. 9 ಕೆ.ಜಿ.ಗೆ ಹರಾಜು ಮುಗಿಯಿತು.

ಆಮೇಲೆ ನೆಂಟರ ಸರದಿ.

ಚನ್ನಪಟ್ಟಣದ ಭಾವ ಗೊಂಬೆ ಕಡೆಯುವವರು. ಆಲೆಮರದ ತುಂಡು ನಡು ತಪ್ಪಿ ಕೂತರೆ ಹೇಗೆ ಅದುರುತ್ತದೆಂದು ಅವರ ಕೈಗೆ ಗೊತ್ತು. ಬೆಲೆಯ ಗೊಡವೆಗೇ ಹೋಗದೆ "ನಿಮಿಷಕ್ಕೆ ಎಷ್ಟು ಸುತ್ತು?" ಎಂದರು. ಹಿಂಡುವಾಗ 1400 ಎಂದ ಮೊಮ್ಮಗ. ಭಾವ ಬಚ್ಚಲ ಪಕ್ಕದ ಇಳಿಜಾರು ನೆಲದ ಮೇಲೊಂದು ಗೋಲಿ ಬಿಟ್ಟರು. ಅದು ಉರುಳುತ್ತಾ ಹಿತ್ತಿಲು ಸೇರಿತು. ಯಂತ್ರ ಕುಣಿಯದಿರಲೆಂದು ಒಳಗೆ ಕಾಂಕ್ರೀಟಿನ ಭಾರ ಇಟ್ಟಿರುತ್ತಾರೆ ನಿಜ, ಆದರೆ ನೆಲ ಸಮವಿಲ್ಲದಿದ್ದರೆ ಅದೇನು ಮಾಡೀತು? ಗಾರೆಯವರು ಬಂದರು.

ಮಾಗಡಿಯ ತಂಗಿಯದು ಅನುಭವದ ಮಾತು. "ಅಣ್ಣಾ, ಟ್ಯಾಂಕ್ ನೋಡ್ಕೊ. ನಮ್ಮನೇದು ನೀರಿಗೆ ಕಾದು ಕಾದು ಎರರ್ ತೋರ್ಸಿ ನಿಂತ್ಕೊಂಡ್ಬುಡ್ತು." ಇಂಥ ಯಂತ್ರಕ್ಕೆ ಸಾಮಾನ್ಯವಾಗಿ 0.3 ಬಾರ್ ಆಸುಪಾಸಿನ ಒತ್ತಡ ಬೇಕು. ಅಂದರೆ ಟ್ಯಾಂಕಿನ ತಳ ನಲ್ಲಿಗಿಂತ ಸುಮಾರು 10 ಅಡಿ ಮೇಲಿರಬೇಕು. ಟೇಪು ಹಿಡಿದರೆ ಆರೇ ಅಡಿ. ಟ್ಯಾಂಕ್ ಕಟ್ಟೆ ಎತ್ತರವಾಯಿತು.

ಕನಕಪುರದ ಬೀಗಿತ್ತಿಗೆ ಗೃಹಜ್ಯೋತಿಯ ಉಚಿತ ಕರೆಂಟಿನ ಚಿಂತೆ: 200 ಯೂನಿಟ್ ದಾಟಿದರೆ? ಕರೆಂಟು ತಿನ್ನುವುದು ಡ್ರಮ್ಮಲ್ಲ, ಸುಮಾರು 2000 ವಾಟ್‌ನ ಹೀಟರು. ದಿನದ ಬಟ್ಟೆಗೆ ತಣ್ಣೀರು ಸಾಕೆಂದು ಮೊಮ್ಮಗ ಸಮಾಧಾನ ಹೇಳಿದ.

ಹಿರಿಸೊಸೆಯ ತವರು ರಾಮನಗರದ ರೀಲರ್ ಮನೆತನ. ಗಡಸು ನೀರಿನಲ್ಲಿ ನೂಲು ತೆಗೆದರೆ ರೇಷ್ಮೆಯ ಗುಣ ಕೆಡುತ್ತದೆಂದು ಅಪ್ಪ ನೀರು ಪರೀಕ್ಷೆ ಮಾಡಿಸುತ್ತಿದ್ದುದನ್ನು ಕಂಡವಳು. ಇಲ್ಲಿಯ ಬೋರ್‌ವೆಲ್ ನೀರನ್ನೂ ಕಳಿಸಿದಳು. ಲೀಟರಿಗೆ 480 ಮಿಲಿಗ್ರಾಂ ಗಡಸುತನ! ಬಿಐಎಸ್ ಪ್ರಕಾರ ಕುಡಿಯುವ ನೀರಿಗೆ 200 ಒಳ್ಳೆಯದು, ಗತಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಗಡಸು ನೀರಿನ ಸುಣ್ಣವೆಲ್ಲ ಹೋಗಿ ಕೂರುವುದು ಹೀಟರಿನ ಮೇಲೆ. ನೊರೆ ಕಡಿಮೆ ಬರುವ ಪೌಡರು, ಆಗಾಗ ಸಿಟ್ರಿಕ್ ಆಸಿಡ್ ಹಾಕಿ ಖಾಲಿ ಓಟ ಎಂದು ಅವಳೇ ಗೋಡೆಗೆ ಚೀಟಿ ಅಂಟಿಸಿದಳು.

ಯಂತ್ರ ಬಂದ ದಿನ ಕಿರಿಸೊಸೆ ಅಜ್ಜಿಯ ರೇಷ್ಮೆ ಸೀರೆಗೂ ಕೈಹಾಕಿದಳು. "ಮುಟ್ಟಬ್ಯಾಡ ಕಣವ್ವ. ನೂಲಿನ ಅಂಟು ತೆಗೆಯೋದೇ ಸೋಪು ಸೋಡಾ ಹಾಕಿ ಬೇಯ್ಸಿ. ಸೀರೆನೂ ಬೇಯಿಸ್ತೀಯಾ?" ಎಂದರು ಅಜ್ಜಿ. ಸೀರೆ ಅಂಟುವಾಳಕಾಯಿ ನೀರಿಗೇ ಹೋಯಿತು.

ಈಗ ಊರಿನವರು ಯಾರಾದರೂ "ಯಾವ ಕಂಪನೀದು ತಗಂಡ್ರಿ?" ಎಂದು ಕೇಳಿಕೊಂಡು ಬಂದರೆ ಯಜಮಾನರು ಹೆಸರು ಹೇಳುವುದಿಲ್ಲ, ತೊಲೆಯಿಂದ ತಕ್ಕಡಿ ಬಿಚ್ಚಿ ಕೈಗೆ ಕೊಡುತ್ತಾರೆ. ಸಂಜೆಯೊಳಗೆ ವಾಪಸು ತರಬೇಕು, ಬೆಳಗ್ಗೆ ಗೂಡು ಮಾರ್ಕೆಟ್ಟಿಗೆ ಹೋಗುವುದಿದೆ.