ಪುನಃಪುನರ್ಧಾವನ ಮೀಮಾಂಸೆ

ವಿಷಯ: ಒಮ್ಮೆ ಓಡಿದವನು ಮತ್ತೆ ಓಡಬಲ್ಲನೇ? ನೂರು ಮೀಟರ್ ಓಟಗಾರನಿಗೆ ಈ ತಾಪತ್ರಯವಿಲ್ಲ. ಒಂದು ಸಲ ಓಡಿ ಕೈಬೀಸಿ ಹೋಗಬಹುದು. ಫುಟ್‌ಬಾಲ್, ಹಾಕಿಯವರಿಗೆ ಆ ಭಾಗ್ಯವಿಲ್ಲ. ಅದಕ್ಕೇ ಪ್ರಯೋಗಾಲಯದ ಋಷಿಗಳು ಎಲ್ಲಿಗೂ ಹೋಗದ ಸೈಕಲ್ಲೊಂದನ್ನು ಸ್ಥಾಪಿಸಿ, 6 ಸೆಕೆಂಡು ಜೀವ ಬಿಟ್ಟು ತುಳಿ, 24 ಸೆಕೆಂಡು ಸುಧಾರಿಸಿಕೋ, ಹೀಗೆ 5 ಆವರ್ತನೆ ಎಂದು ವಿಧಿಸಿದರು. ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಕೆಟ್. ಅದರ ವಿನಿಯೋಗ ವಿಧಿಯಲ್ಲಿಲ್ಲ; ಐದನೇ ಆವರ್ತನೆಯ ನಂತರ ಯಾರೂ ಕೇಳುವುದೂ ಇಲ್ಲ.

ಸಂಶಯ: 24 ಸೆಕೆಂಡು ಸಾಕೇ? ಸಾಲದು, ಸಾಲದಿರಲೆಂದೇ ಇಟ್ಟದ್ದು. ಸ್ನಾಯುವಿನ ಕ್ರಿಯಾಟಿನ್ ಫಾಸ್ಫೇಟ್ ಜೇಬಿನ ಚಿಲ್ಲರೆಯಿದ್ದಂತೆ. ತಕ್ಷಣ ಕೈಗೆ ಸಿಗುತ್ತದೆ, ತಕ್ಷಣ ಖರ್ಚಾಗುತ್ತದೆ; ಜೇಬು ಮತ್ತೆ ಪೂರ್ತಿ ತುಂಬಲು ಹಲವು ನಿಮಿಷ ಬೇಕು. ಮೂರನೇ ಸಲಕ್ಕೆ ಮಂಡಿ ಮಾತು ಕೇಳುವುದಿಲ್ಲ. ಕೊನೆಗೆ ಕಿವಿಯ ಹಾಲೆ ಚುಚ್ಚಿ, ಒಂದು ಹನಿ ರಕ್ತದಲ್ಲಿ ಲ್ಯಾಕ್ಟೇಟ್ ಎಷ್ಟೆಂದು ನೋಡುತ್ತಾರೆ. ಕಿವಿ ಹಿಂಡುವ ಗುರುಪರಂಪರೆ ಅಳಿದಿಲ್ಲವೆಂಬುದಕ್ಕೆ ಇದೇ ಪ್ರಮಾಣ.

ಪೂರ್ವಪಕ್ಷ: ದಣಿವಿನ ಲೆಕ್ಕ ಹೀಗೆ. ಅತ್ಯುತ್ತಮ ತುಳಿತವನ್ನು ಐದರಿಂದ ಗುಣಿಸಿದರೆ ಆದರ್ಶ ಮೊತ್ತ; ನಿಜವಾದ ಮೊತ್ತ ಅದಕ್ಕಿಂತ ಶೇಕಡಾ ಎಷ್ಟು ಕಡಿಮೆಯೋ ಅಷ್ಟು ಕುಸಿತ. ಶೂರನೊಬ್ಬ ಕ್ರಮವಾಗಿ 5, 4.8, 4.6, 4.4, 4.2 ಕಿಲೋಜೂಲ್ ತುಳಿದನೆನ್ನಿ. ಮೊತ್ತ 23, ಆದರ್ಶ 25, ಕುಸಿತ ಶೇ. 8. ಈ ಪ್ರಬಂಧಕಾರ ಐದು ಸಲವೂ ಸಂತೆಗೆ ಹೊರಟವನಂತೆ 2 ಕಿಲೋಜೂಲ್ ತುಳಿಯುತ್ತಾನೆ. ಮೊತ್ತ 10, ಆದರ್ಶ 10, ಕುಸಿತ ಸೊನ್ನೆ! ಆದ್ದರಿಂದ ಸೋಮಾರಿಯೇ ಲೋಕದ ಅತ್ಯಂತ ದಣಿವರಿಯದ ಕ್ರೀಡಾಪಟು.

ಸಿದ್ಧಾಂತ: ಋಷಿಗಳು ನಮ್ಮಂಥವರನ್ನು ಮೊದಲೇ ಕಂಡಿದ್ದರು. ಹಾಗಾಗಿ ಮೊದಲು ಒಂದೇ ಒಂದು ತುಳಿತ, ಪೂರ್ಣಶಕ್ತಿಯಿಂದ. ಆಮೇಲಿನ ಐದರಲ್ಲಿ ಮೊದಲನೆಯದು ಅದರ ಶೇ. 95ನ್ನು ಮುಟ್ಟದಿದ್ದರೆ, ಇವನು ಕೊನೆಗೆಂದು ಗಂಟು ಕಟ್ಟಿಡುತ್ತಿದ್ದಾನೆಂದು ತಿಳಿದು, ವಿಶ್ರಾಂತಿ ಕೊಟ್ಟು ಮತ್ತೆ ಮೊದಲಿಂದ ತುಳಿಸುವುದು. ಕುಸಿತವೊಂದನ್ನೇ ನಂಬದೆ ಒಟ್ಟು ಮೊತ್ತವನ್ನೂ ನೋಡುವುದು.

ಶೇಷಶಂಕೆ: ಆ ಒಂಟಿ ತುಳಿತದಲ್ಲೇ ಕಳ್ಳಾಟ ಆಡಿದರೆ? ಇದಕ್ಕೆ ಶಾಸ್ತ್ರ ತಡವರಿಸುತ್ತದೆ, ಕೋಚ್ ತಡವರಿಸುವುದಿಲ್ಲ. ಅವರು ಕಂಪ್ಯೂಟರ್ ಪರದೆಯ ಕಡೆ ತಿರುಗುವುದೇ ಇಲ್ಲ. ನೇರವಾಗಿ ಬಂದು ಬಕೆಟ್ ನೋಡುತ್ತಾರೆ.