ಸೀಟಿ ಸರ್

ಯಾದಗಿರಿ, ಶಹಾಪುರ, ಸುರಪುರ, ಯಾವ ಊರಿನ ಮೈದಾನಕ್ಕೆ ಹೋದರೂ ಬೆಳಗಿನ ಐದೂವರೆಗೆ ಒಬ್ಬ ಸೀಟಿ ಸರ್ ಸಿಕ್ಕೇ ಸಿಗುತ್ತಾರೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಮೊಬೈಲು, ಮೈಮೇಲೆ ಟ್ರ್ಯಾಕ್‌ಸೂಟು. ಅದರ ಜಿಪ್ಪು ಹೊಟ್ಟೆಯವರೆಗೆ ಬಂದು ಅಲ್ಲೇ ಮುಷ್ಕರ ಹೂಡಿರುತ್ತದೆ. 2013ರಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಜಾರಿಯಾಗಿ ನಮ್ಮ ಭಾಗದ ಹುಡುಗರಿಗೆ ನೌಕರಿಯ ಆಸೆ ಚಿಗುರಿದ ಮೇಲೆ ಇವರ ಸಂತತಿ ಸಾವಿರವಾಗಿದೆ.

ಪೊಲೀಸ್ ಕಾನ್‌ಸ್ಟೇಬಲ್ ಆಗಲು ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು. ಇಷ್ಟು ಸಣ್ಣ ಲೆಕ್ಕ ಸರ್ ಅವರ ಘನತೆಗೆ ತಕ್ಕದ್ದಲ್ಲ. ಅವರು ದಿನಾ ಹತ್ತು ಕಿಲೋಮೀಟರು ಓಡಿಸುತ್ತಾರೆ, ಎಲ್ಲರನ್ನೂ ಒಂದೇ ಆಮೆನಡಿಗೆಯಲ್ಲಿ. ಏಪ್ರಿಲ್ ಬಂತೆಂದರೆ ಇಲ್ಲಿ ಸೂರ್ಯ ಏಳುವಾಗಲೇ ಸಿಟ್ಟಿನಲ್ಲಿರುತ್ತಾನೆ. ಆದರೂ ನೀರು ಕೇಳುವಂತಿಲ್ಲ. "ನೀರ್ ಕುಡದ್ರ ಹೊಟ್ಟಿ ಭಾರ ಆಗ್ತದಲೇ!"

ಮರುದಿನ ತೊಡೆ ಹಿಡಿದುಕೊಂಡರೆ ಅದು ಲ್ಯಾಕ್ಟಿಕ್ ಆಸಿಡ್ಡು, ಇನ್ನೆರಡು ಸುತ್ತು ಓಡಿದರೆ ಇಳಿಯುತ್ತದಂತೆ. ಆ ಆಸಿಡ್ಡು ಓಟ ಮುಗಿದ ಒಂದೆರಡು ತಾಸಿನಲ್ಲೇ ಮೈಯಿಂದ ಕರಗಿಹೋಗಿರುತ್ತದೆ. ಮರುದಿನದ ನೋವು ರೂಢಿಯಿಲ್ಲದ ದುಡಿತಕ್ಕೆ ಸ್ನಾಯುವಿನ ಎಳೆಗಳು ಘಾಸಿಯಾದದ್ದು. ಇದನ್ನು ಹೇಳಿದರೆ ಉತ್ತರ ಸಿದ್ಧ: "ಪುಸ್ತಕದಾಗ ಹಂಗ ಇರ್ತದ, ಮೈದಾನದಾಗ ಹಿಂಗ."

ಮೊಣಕಾಲಿನ ಕಾನೂನು ಇನ್ನೂ ಖಡಕ್ಕು. ಬೈಠಕ್ ಹೊಡೆಯುವಾಗ ಅದು ಕಾಲ್ಬೆರಳು ದಾಟಿತೋ, "ಜಲ್ಮಪೂರ್ತಿ ಕುಂಟಕೋತ ತಿರಗ್ತಿ ನೋಡು." ಗರಡಿಯ ಪೈಲ್ವಾನರು ಹಿಮ್ಮಡಿ ಎತ್ತಿ, ಮೊಣಕಾಲನ್ನು ಗೇಣುದ್ದ ಮುಂದೆ ಬಿಟ್ಟೇ ನೂರಾರು ಬೈಠಕ್ ಹೊಡೆದವರು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರುವವರು ಮೊಣಕಾಲನ್ನು ಎದೆಗೆ ಆನಿಸಿಕೊಂಡೇ ಏರುತ್ತಾರೆ. ತೊಗರಿ ಚೀಲ ಹೊತ್ತು ಏಳುವ ಎಪಿಎಂಸಿ ಹಮಾಲನಂತೂ ಕಾಲ್ಬೆರಳಿನ ಕಡೆ ನೋಡುವುದೇ ಇಲ್ಲ. ಸರ್ ಮಾತ್ರ ತಮ್ಮ ಕಾನೂನನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ: ಪ್ಲಾಸ್ಟಿಕ್ ಕುರ್ಚಿಯಿಂದ ಅವರು ಏಳಬೇಕಾದರೆ ಇಬ್ಬರು ಹುಡುಗರು ಕೈ ಹಿಡಿದು ಎಬ್ಬಿಸಬೇಕು.

ಒಂದು ದಿನ ಒಬ್ಬ ಹುಡುಗ ಬಾಯಿ ಬಿಟ್ಟ. "ಸರ್ರ, 97 ಸೆಕೆಂಡಿನ್ಯಾಗ ಒಂದ್ ಸುತ್ತು ಓಡೂದು ಯಾವಾಗ ಕಲಸ್ತೀರಿ?"

ಸೀಟಿ ಚೀರಿತು. "ನನಗ ಪ್ರಶ್ನಿ ಕೇಳ್ತೀಯೇನಲೇ? ಒಂದ್ ಸುತ್ತು, ಜೀವ ಬಿಟ್ಟು ಓಡು!"

ಹುಡುಗ ಓಡಿಬಂದ. ಮೂಲೆಯಲ್ಲಿ ನಿಂತು ದಮ್ಮು ಎಳೆದುಕೊಂಡ. ನೀರಿನ ಬಗ್ಗೆ ಕೇಳಿದ, ಇನ್ನೊಂದು ಸುತ್ತು. ಮತ್ತೆ ದಮ್ಮು, ಆಸಿಡ್ಡಿನ ಬಗ್ಗೆ ಪ್ರಶ್ನೆ, ಮತ್ತೊಂದು ಸುತ್ತು. ಜೋರಾಗಿ ಓಡು, ಸುಧಾರಿಸಿಕೋ, ಮತ್ತೆ ಓಡು: ಜಗತ್ತಿನ ದೊಡ್ಡ ಓಟಗಾರರು ಮಾಡುವ ತಾಲೀಮು ಇವನಿಗೆ ಶಿಕ್ಷೆಯ ರೂಪದಲ್ಲಿ ಪುಕ್ಕಟೆ ಸಿಕ್ಕಿತು. ಜಾಣ, ದಿನಾ ರಾತ್ರಿ ನಾಲ್ಕು ಪ್ರಶ್ನೆ ಬರೆದುಕೊಂಡು ಮಲಗತೊಡಗಿದ.

ಆ ವರ್ಷ ಓಟದಲ್ಲಿ ಪಾಸಾದವನು ಅವನೊಬ್ಬನೇ. ಉಳಿದವರಿಗೆ ಶಿಸ್ತು ಇರಲಿಲ್ಲವಂತೆ. ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು, ಸರ್ ಆಳುದ್ದ, ಹುಡುಗ ಗೇಣುದ್ದ. ಮಗನನ್ನು ಸೇರಿಸಲು ಬಂದ ತಂದೆಯೊಬ್ಬರು, "ಏನ್ರೀ ಸರ್ರ ಇದರ ಗುಟ್ಟು?" ಎಂದರು.

"ನಮ್ಮಲ್ಲಿ ಯಾರೂ ಪ್ರಶ್ನಿ ಕೇಳಂಗಿಲ್ಲ ನೋಡ್ರಿ," ಎಂದರು ಸರ್.